ಅಪ್ಪ ಬಿಟ್ಟು ಮುಂದೆ ಹೋದ ಶಬ್ದ

ನಮ್ಮ ಮನೆಗೆ ಇಂಗ್ಲಿಷ್ ಬಂದದ್ದು ಸತ್ತವರ ಕಡೆಯಿಂದ. ಅಪ್ಪ ಮುಂಬಯಿಯ ಫೋರ್ಟಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ. ಮೃತ್ಯುಪತ್ರ, ಪಾಲುಪತ್ರ, ಹಕ್ಕು ಬಿಟ್ಟುಕೊಟ್ಟ ಪತ್ರ, ಇವನ್ನೇ ಬೆಳಗಿನಿಂದ ಸಂಜೆಯ ತನಕ ಬಡಿದು ಬಡಿದು ಅವನ ನಾಲಿಗೆಗೂ ಅದೇ ಭಾಷೆ ಅಂಟಿಕೊಂಡಿತ್ತು. ನೂರಿನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ ಆಡಿಬಿಟ್ಟ ಶಬ್ದಗಳನ್ನು ಅಪ್ಪ ಚೆಂಬೂರಿನಲ್ಲಿ ಹಾಲಿನವನ ಮುಂದೆ ಬಳಸುತ್ತಿದ್ದ. ಒಮ್ಮೆ ನನಗೆ ಜ್ವರ ಬಂದಾಗ ಶಾಲೆಗೆ ಚೀಟಿ ಬರೆದುಕೊಟ್ಟ. ಅದರಲ್ಲಿ ನನ್ನನ್ನು 'ಮೇಲೆ ಹೇಳಿದ ಸದರಿ ಬಾಲಕಿ' ಎನ್ನುವ ಧಾಟಿಯಲ್ಲಿ ಬಣ್ಣಿಸಿದ್ದನಂತೆ. ಟೀಚರು ಅದನ್ನು ಎಲ್ಲ ಟೀಚರುಗಳಿಗೂ ಓದಿ ತೋರಿಸಿ ನಕ್ಕರು. ನಾನು ಮಾತ್ರ ನಮ್ಮಪ್ಪನಷ್ಟು ಇಂಗ್ಲಿಷ್ ಬಲ್ಲವರು ಮುಂಬಯಿಯಲ್ಲಿ ಯಾರೂ ಇಲ್ಲ ಎಂದೇ ನಂಬಿದ್ದೆ.

ಚಾಳಿನ ಎರಡನೇ ಮಹಡಿಯಲ್ಲಿ ನಮ್ಮದು ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಅವ್ವನ ಸ್ಟೋವು, ನೀರಿನ ಡ್ರಮ್ಮು, ಪಾತ್ರೆ ತಿಕ್ಕುವ ಮೋರಿ. ಪೂರ್ತಿ ಕೋಣೆಯಲ್ಲಿ ಕಬ್ಬಿಣದ ಮಂಚ, ಟ್ರಂಕು, ಜೋಳದ ಹಿಟ್ಟಿನ ಡಬ್ಬಿ, ಆ ಡಬ್ಬಿಯ ಮೇಲೆ ಒಂದು ದಪ್ಪ ಡಿಕ್ಷನರಿ. ಆಫೀಸಿನವರು ರದ್ದಿಗೆ ಹಾಕಲು ತೆಗೆದಿಟ್ಟಿದ್ದನ್ನು ಅಪ್ಪ ಕೇಳಿ ತಂದಿದ್ದ. ರಟ್ಟು ಹೋಗಿತ್ತು, ಮೊದಲ ಪುಟಗಳೂ ಹೋಗಿದ್ದವು. ಆದರೆ ಒಂದೊಂದು ಶಬ್ದದ ಕೆಳಗೂ ಸಣ್ಣ ಅಕ್ಷರದಲ್ಲಿ, ಆ ಶಬ್ದವನ್ನು ಹಳೆಯ ಪುಸ್ತಕಗಳಲ್ಲಿ ಯಾರು ಹೇಗೆ ಬಳಸಿದ್ದಾರೆ ಎಂಬ ಸಾಲುಗಳಿದ್ದವು. ದಿನಾ ಸಂಜೆ ಅಪ್ಪ ಲೋಕಲ್ಲಿನಿಂದ ಇಳಿದು ಬಂದು ಕೈಕಾಲು ತೊಳೆದ ಮೇಲೆ, ಅವ್ವ ಆ ಕಡೆ ರೊಟ್ಟಿ ಬಡಿಯುತ್ತಿರುವಾಗ, ಈ ಕಡೆ ನನಗೆ ಒಂದು ಶಬ್ದ. ಶಬ್ದ ಒಪ್ಪಿಸದೆ ರೊಟ್ಟಿ ಇಲ್ಲ. ನಾನು ಅರ್ಥ ಒದರಿ ಏಳಲು ಹೋದರೆ ಅಪ್ಪ ಬಿಡುತ್ತಿರಲಿಲ್ಲ.

"ಅರ್ಥ ಯಾರ ಬೇಕಾದ್ರೂ ಹೇಳ್ತಾರ. ಯಾರು, ಯಾರಿಗೆ, ಯಾವಾಗ ಅಂದ್ರು? ಅದನ್ನ ಹೇಳು."

"ರೊಟ್ಟಿ ಆರಾಕತ್ತಾವು," ಎಂದು ಅವ್ವ ಅಲ್ಲಿಂದಲೇ ಕೂಗುತ್ತಿದ್ದಳು. "ಸತ್ತವರ ಮಾತು ಆಮ್ಯಾಲೆ ಕಲಸ್ರಿ, ಜೀವ ಇದ್ದವರು ಮೊದಲ ಉಣ್ಲಿ."

ಹೀಗೆ ನಾವು ಅಪ್ಪ-ಮಗಳು ಎರಡು ಮೂರು ವರ್ಷದಲ್ಲಿ ಮೊದಲಿನಿಂದ ಹೊರಟು ಆರ್ ಅಕ್ಷರದ ತನಕ ಬಂದೆವು. ಹಳೆಯದು ಎಂಬ ಗುರುತು ಇದ್ದ ಶಬ್ದಗಳನ್ನು ಅಪ್ಪ ಒಂದೂ ಬಿಡುತ್ತಿರಲಿಲ್ಲ, ಅವು ಅವನ ಸಂಬಂಧಿಕರಿದ್ದ ಹಾಗೆ. ಅಂಥವನು ಒಂದು ಸಂಜೆ ಒಂದು ಶಬ್ದದ ಮೇಲೆ ಬೆರಳಿಟ್ಟ, ತೆಗೆದ, ಮುಂದಿನದಕ್ಕೆ ಹೋದ. ನಾನು ಬಿಟ್ಟೇನೆ? ಅದೂ ಹಳೆಯ ಶಬ್ದವೇ, ಯಾಕೆ ಬೇಡ ಎಂದು ಕೇಳಿದೆ. "ಅದು ಈಗ ಯಾರೂ ಬಳಸೂದಿಲ್ಲ," ಎಂದ. ಯಾರೂ ಬಳಸದ ಶಬ್ದಗಳನ್ನೇ ತಾನೇ ನಾವು ಮೂರು ವರ್ಷದಿಂದ ತಿನ್ನುತ್ತಿದ್ದದ್ದು! ನನಗೆ ಹತ್ತು ವರ್ಷ. ಬೇಡ ಎಂದದ್ದನ್ನು ಮಾಡದೆ ನಿದ್ದೆ ಬಾರದ ಜಾತಿ ನನ್ನದು. ಮರುದಿನ ಶಾಲೆಯಿಂದ ಬಂದವಳೇ ಡಬ್ಬಿಯ ಮೇಲಿನಿಂದ ಪುಸ್ತಕ ಇಳಿಸಿ ಆ ಶಬ್ದ ಓದಿದೆ. ರೆಲಿಕ್ಟ್.

ಗಂಡ ಸತ್ತ ಮೇಲೆ ಹಿಂದೆ ಉಳಿದ ಹೆಂಡತಿಯನ್ನು ಹಳೆಯ ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಿದ್ದರಂತೆ. ಗೋರಿಗಲ್ಲಿನ ಮೇಲೆ ಮೊದಲು ಅವಳ ಹೆಸರು, ಅದರ ಕೆಳಗೆ ಇಂಥ ಮಹಾಶಯರ ರೆಲಿಕ್ಟ್ ಎಂದು ಕೆತ್ತನೆ. ಚರ್ಚಿನ ದಾಖಲೆಗಳಲ್ಲಿ, ಉಯಿಲುಗಳಲ್ಲಿ, ಹಳೆಯ ಕಾದಂಬರಿಗಳಲ್ಲಿ ಅದು ಬರುತ್ತಿತ್ತು. ಮುಂದೆ ದೊಡ್ಡವಳಾದ ಮೇಲೆ ಅಂಥ ಪುಸ್ತಕಗಳನ್ನು ಹುಡುಕಿ ಓದಿದ್ದೇನೆ, ಚಟವೇ ಹಿಡಿದಿತ್ತೆನ್ನಿ. ಕಾದಂಬರಿಗಳಲ್ಲಿ ಈ ರೆಲಿಕ್ಟ್ ಹೆಂಗಸು ಹೆಚ್ಚಾಗಿ ಕಪ್ಪು ರೇಷ್ಮೆಯುಟ್ಟು, ಗಂಡ ಬಿಟ್ಟುಹೋದ ದೊಡ್ಡ ಮನೆಯಲ್ಲಿ ಆಳುಗಳನ್ನು ಗದರಿಸುತ್ತ ಕೂತಿರುತ್ತಾಳೆ. ಬರೆಯುವವನು ತುಟಿಯಂಚಿನಲ್ಲಿ ನಗುತ್ತ ಅವಳನ್ನು ಹಾಗೆ ಕರೆಯುತ್ತಾನೆ. ಗೋರಿಯ ಮೇಲೆ ಮಾತ್ರ ಅದೇ ಶಬ್ದಕ್ಕೆ ನಗು ಇಲ್ಲ. ಎಲ್ಲಿ ಬಂದರೂ ಒಂದು ಮಾತ್ರ ತಪ್ಪುವುದಿಲ್ಲ: ಅದರ ಬೆನ್ನಿಗೇ ಒಬ್ಬ ಸತ್ತ ಗಂಡಸಿನ ಹೆಸರು. ಅವಳು ಮತ್ತೆ ಮದುವೆಯಾಗಿದ್ದರೂ ಹಳೆಯ ಕಾಗದಪತ್ರಗಳಲ್ಲಿ ಈಗಿನವನ ಹೆಂಡತಿ ಮತ್ತು ಹಿಂದಿನವನ ರೆಲಿಕ್ಟ್ ಎಂದು ಎರಡನ್ನೂ ಬರೆಯುತ್ತಿದ್ದರು. ಹತ್ತು ವರ್ಷದ ನನಗೆ ಇಷ್ಟೆಲ್ಲ ತಿಳಿಯಲಿಲ್ಲ. ಆದರೆ ಅಪ್ಪನಿಗೆ ಗೊತ್ತಿಲ್ಲದೆ ಒಂದು ಶಬ್ದ ನನ್ನದಾಯಿತೆಂದು ಹಿಗ್ಗಿ, ಅದನ್ನು ಬಾಯಿಪಾಠ ಮಾಡಿಕೊಂಡೆ.

ಈಗ ಅವ್ವನ ವಿಷಯ ಹೇಳಬೇಕು. ನಮ್ಮ ಮಹಡಿಯಲ್ಲಿ ಐದು ಕನ್ನಡದ ಮನೆಗಳು, ಎಲ್ಲರೂ ಬಿಜಾಪುರ, ಬಾಗಲಕೋಟೆಯ ಕಡೆಯವರು. ಯಾರ ಮನೆಯಲ್ಲಿ ಶುಭಕಾರ್ಯವಾದರೂ ಮೊದಲ ಕರೆ ನಮ್ಮವ್ವ ನೀಲವ್ವನಿಗೆ. ಅವಳು ಕುಂಕುಮವಿಟ್ಟ ಮೇಲೆ ಉಳಿದವರು. ಪಕ್ಕದ ಮನೆಯ ಗೌರಾ ಮೌಶಿಯಂತೂ ಅವ್ವನ ಕೈಗುಣದ ಬಗ್ಗೆ ಕೆಳಮಹಡಿಯ ಮರಾಠಿ ಹೆಂಗಸರಿಗೂ ಪ್ರಚಾರ ಮಾಡಿದ್ದಳು. ನೀಲವ್ವ ಉಡಿ ತುಂಬಿದ ಹುಡುಗಿಗೆ ಹೆರಿಗೆ ಸಲೀಸು, ನೀಲವ್ವ ಆರತಿ ಎತ್ತಿದ ಮದುಮಗಳಿಗೆ ಅತ್ತೆಮನೆ ಸಲೀಸು. ಅವ್ವ ಇದಕ್ಕೆ ಹೌದೆಂದೂ ಅನ್ನುತ್ತಿರಲಿಲ್ಲ, ಅಲ್ಲವೆಂದೂ ಅನ್ನುತ್ತಿರಲಿಲ್ಲ. ಕರೆ ಬಂದ ದಿನ ಟ್ರಂಕಿನಿಂದ ಇಳಕಲ್ಲಿನ ಸೀರೆ ತೆಗೆದುಟ್ಟು, ಮನೆಗಳ ಮುಂದಿನ ಗ್ಯಾಲರಿಯಲ್ಲಿ ಹೊರಟರೆ ಅವಳ ನಡಿಗೆಯೇ ಬೇರೆಯಾಗುತ್ತಿತ್ತು. ವಾರವೆಲ್ಲ ನೀರಿನ ಸರತಿಯಲ್ಲಿ ಜಗಳವಾಡುವ ಹೆಂಗಸು ಇವಳೇನಾ ಎಂದು ನಾನು ಹಿಂದಿನಿಂದ ನೋಡುತ್ತಿದ್ದೆ.

ಆ ವರ್ಷ ಗೌರಾ ಮೌಶಿಯ ಮಗಳು ಲತಾ ಬಸುರಿಯಾಗಿ ತವರಿಗೆ ಬಂದಿದ್ದಳು. ಏಳು ತಿಂಗಳಿಗೆ ಕುಬಸದ ಕಾರ್ಯ, ಶುಕ್ರವಾರ ಎಂದು ಗೊತ್ತಾಗಿತ್ತು. ಹಿಂದೆ ಲತಾಳಿಗೆ ಒಂದು ಸಲ ಗರ್ಭ ನಿಂತಿರಲಿಲ್ಲವಾದ್ದರಿಂದ ಮೌಶಿ ಹದಿನೈದು ದಿನ ಮೊದಲೇ ಅವ್ವನ ಎರಡೂ ಕೈ ಹಿಡಿದು ಹೇಳಿ ಹೋಗಿದ್ದಳು, "ಉಡಿ ಮೊದಲ ನೀನ ತುಂಬಬೇಕು ನೀಲಾ." ಅದೇ ಹೊತ್ತಿಗೆ ಊರಿನಿಂದ ಒಂದು ಕಾಗದ ಬಂತು. ಅಪ್ಪ-ಅವ್ವ ಅದನ್ನು ಮೋರಿಯ ಹತ್ತಿರ ನಿಂತು ಪಿಸುಗುಟ್ಟಿ ಓದಿದರು. ಊರಲ್ಲಿ ಯಾವುದೋ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವ್ವನ ಹೆಸರು ಇನ್ನೂ ಉಳಿದಿತ್ತಂತೆ. ತನಗೆ ಅದರ ಹಕ್ಕಿಲ್ಲ ಎಂದು ಅವಳು ಸಹಿ ಮಾಡಿಕೊಡಬೇಕಿತ್ತು. ಯಾವ ಹೊಲ, ಯಾರದು ಎಂದು ನಾನು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಶನಿವಾರ ಅಪ್ಪ ಆಫೀಸಿನ ಹಳೆಯ ಟೈಪ್‌ರೈಟರ್ ಹೊತ್ತು ತಂದು, ಮಂಚದ ಮೇಲಿಟ್ಟು, ಇಂಗ್ಲಿಷಿನಲ್ಲಿ ಪತ್ರ ಸಿದ್ಧಮಾಡಿದ. ಭಾನುವಾರ ಬೆಳಿಗ್ಗೆ ಅದನ್ನು ಪಕ್ಕದ ಮನೆಯ ಬಸಪ್ಪ ಕಾಕಾನ ಕೈಗೆ ಕೊಟ್ಟು, ಸಾಕ್ಷಿ ಸಹಿ ಮಾಡಿಡು ಎಂದು ಹೇಳಿ, ಇನ್ನೊಬ್ಬ ಸಾಕ್ಷಿಯನ್ನು ಕರೆತರಲು ಮುಲುಂಡಿಗೆ ಹೋದ.

ಬಸಪ್ಪ ಕಾಕಾ ಗೌರಾ ಮೌಶಿಯ ಗಂಡ, ರಿಫೈನರಿಯಲ್ಲಿ ಕೆಲಸ. ಓದದೆ ಯಾವ ಕಾಗದಕ್ಕೂ ಸಹಿ ಹಾಕುವ ಮನುಷ್ಯನಲ್ಲ. ಕನ್ನಡ ಚೆನ್ನಾಗಿ ಓದುತ್ತಿದ್ದ, ಕಂಪನಿಯ ಫಾರ್ಮುಗಳಲ್ಲಿ ಬರುವ ಇಂಗ್ಲಿಷ್ ಶಬ್ದಗಳೂ ಗೊತ್ತಿದ್ದವು. ಆದರೆ ಅಪ್ಪನ ಇಂಗ್ಲಿಷ್ ಅಷ್ಟು ಸುಲಭಕ್ಕೆ ಬಗ್ಗುತ್ತದೆಯೇ? ಎರಡು ಸಾಲಿಗೇ ಸೋತು, ಗ್ಯಾಲರಿಯಲ್ಲಿ ಆಡುತ್ತಿದ್ದ ನನ್ನನ್ನು ಕರೆದ.

"ಸುನಿ, ಬಾ ಇಲ್ಲೆ. ನಿಮ್ಮಪ್ಪ ಏನ ಬರದಾನ ಬರೋಬರ್ ಓದಿ ಹೇಳು. ಅವನ ಇಂಗ್ಲಿಷ್ ನಿನಗಷ್ಟ ತಿಳೀತೈತಿ."

ಗೌರಾ ಮೌಶಿ ನೆಲದ ಮೇಲೆ ಕೂತು ಕುಬಸಕ್ಕೆಂದು ಅಕ್ಕಿ ಆರಿಸುತ್ತಿದ್ದಳು. ಲತಾ ಗೋಡೆಗೆ ಒರಗಿ ಕಾಲು ಚಾಚಿದ್ದಳು. ನಾನು ಕುರ್ಚಿಯ ಮೇಲೆ ಕೂತು, ಕಾಗದವನ್ನು ದೂರ ಹಿಡಿದು, ಅಪ್ಪನ ಗತ್ತಿನಲ್ಲೇ ಓದಿದೆ. ನೀಲವ್ವ ಎಂಬವಳು, ಶಿವಪ್ಪನ ಹೆಂಡತಿ, ಮತ್ತು ಈ ಮೊದಲು ದಿವಂಗತ ರುದ್ರಪ್ಪನ ರೆಲಿಕ್ಟ್. ಆ ಶಬ್ದ ಕಂಡದ್ದೇ ನನಗೆ ಎಂಥ ಸಂಭ್ರಮ! ನನ್ನ ಶಬ್ದ, ಅಪ್ಪ ಕಲಿಸದೆ ನಾನೇ ಕಲಿತ ಶಬ್ದ. ಅದು ಯಾರ ಹೆಸರಿನ ಪಕ್ಕದಲ್ಲಿ ಕೂತಿದೆ ಎಂದು ನಾನು ನೋಡಲೇ ಇಲ್ಲ, ದೇವರಾಣೆಗೂ ನೋಡಲಿಲ್ಲ.

"ರೆಲಿಕ್ಟ್ ಅಂದ್ರ ಏನ್?" ಎಂದ ಕಾಕಾ.

ಪಾಠ ಒಪ್ಪಿಸಿದೆ. ಹಳೆಯ ಇಂಗ್ಲಿಷಿನ ಶಬ್ದ ಎಂದೆ. ಗೋರಿಗಳ ಮೇಲೆ ಕೆತ್ತುತ್ತಿದ್ದರು ಎಂದೆ. ಹಳೆಯ ಪುಸ್ತಕಗಳಲ್ಲಿ ಬರುತ್ತದೆ ಎಂದೆ. "ಗಂಡ ಸತ್ತ ಮ್ಯಾಲೆ ಹಿಂದ ಉಳದಾಕಿಗೆ ಹಂಗ ಅಂತಿದ್ರು ಕಾಕಾ," ಎಂದು ಮುಗಿಸಿ, ಶಾಬಾಸ್ ಎನ್ನಲಿ ಎಂದು ಅವನ ಮುಖ ನೋಡಿದೆ.

ಯಾರೂ ಶಾಬಾಸ್ ಅನ್ನಲಿಲ್ಲ. ಗೌರಾ ಮೌಶಿಯ ಕೈ ಅಕ್ಕಿಯ ಮೊರದ ಮೇಲೆಯೇ ನಿಂತಿತ್ತು. ಕಾಕಾ ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮಡಚಿ, ಮತ್ತೆ ಬಿಚ್ಚಿ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಮಡಚಿದ. ಆಗ ಓದಿದ ಹೆಸರುಗಳನ್ನು ಮನಸ್ಸಿನಲ್ಲೇ ಮತ್ತೆ ಜೋಡಿಸಿದೆ. ನಾನು ಏನು ಓದಿದೆ? ನೀಲವ್ವ ನಮ್ಮವ್ವ. ಶಿವಪ್ಪ ನಮ್ಮಪ್ಪ. ಹಾಗಾದರೆ ಈ ರುದ್ರಪ್ಪ ಯಾರು?

"ಅಂದ್ರ ನೀಲಾ ಉಡಿಕಿ ಆದಾಕಿ?" ಎಂದಳು ಮೌಶಿ. ನನ್ನನ್ನು ಕೇಳಲಿಲ್ಲ, ಗಂಡನನ್ನೂ ಕೇಳಲಿಲ್ಲ. "ಹನ್ನೊಂದ ವರ್ಷ ನನ್ನ ಮನಿಯಾಗ ಆರತಿ ಹಿಡದಾಳ."

ಉಡಿಕೆ ಎಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಇಂಗ್ಲೆಂಡಿನ ಸತ್ತ ಶಬ್ದಗಳೆಲ್ಲ ಗೊತ್ತಿದ್ದ ನನಗೆ ನಮ್ಮ ಊರಿನ ಜೀವಂತ ಶಬ್ದ ಗೊತ್ತಿರಲಿಲ್ಲ. ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಹೊಸ ಸೀರೆ ಉಡಿಸಿ ಮನೆಗೆ ಕರೆದುಕೊಳ್ಳುವುದು ಉಡಿಕೆ. ನಮ್ಮ ಕಡೆ ಅದು ತಪ್ಪಲ್ಲ, ಹಿಂದಿನಿಂದ ನಡೆದುಬಂದದ್ದೇ. ಆದರೆ ಅದಕ್ಕೆ ಹಂದರವಿಲ್ಲ, ಅಕ್ಕಿಕಾಳಿಲ್ಲ, ಬಾಜಾಬಜಂತ್ರಿಯಿಲ್ಲ. ಹಾಗೆ ಬಂದವಳು ಸಂಸಾರ ಮಾಡಬಹುದು, ಮಕ್ಕಳನ್ನು ಹಡೆಯಬಹುದು. ಶುಭಕಾರ್ಯದಲ್ಲಿ ಮುತ್ತೈದೆಯರ ಸಾಲಿನಲ್ಲಿ ನಿಂತು ಆರತಿ ಎತ್ತುವಂತಿಲ್ಲ, ಬಸುರಿಯ ಉಡಿ ತುಂಬುವಂತಿಲ್ಲ. ಅವ್ವ ಮುಂಬಯಿಗೆ ಬಂದಾಗ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊದಲ ಸಲ ಯಾರೋ ಕೈಗೆ ಆರತಿತಟ್ಟೆ ಕೊಟ್ಟಾಗ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಅಷ್ಟೇ ಅವಳ ಅಪರಾಧ.

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಮಂಚದ ಕೆಳಗೆ ಸೇರಿ ಕೂತಿದ್ದೆ. ಸುದ್ದಿ ನನಗಿಂತ ಮೊದಲೇ ಅವ್ವನನ್ನು ಮುಟ್ಟಿತ್ತು. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಗ್ಗಿ ನನ್ನ ಮುಖ ನೋಡಿ, "ಆ ಶಬ್ದ ನಿಂಗ ಅಪ್ಪ ಕಲಿಸಿದ್ನೇನು?" ಎಂದಳು. ಇಲ್ಲ, ಅಪ್ಪ ಅದನ್ನು ಬಿಟ್ಟು ಮುಂದೆ ಹೋಗಿದ್ದ, ನಾನೇ ಕದ್ದು ಓದಿದೆ ಎಂದೆ. ಅವ್ವ ಅಲ್ಲೇ ನೆಲದ ಮೇಲೆ ಕೂತಳು. ಅಪ್ಪ ಮುಲುಂಡಿನಿಂದ ಬರುವ ತನಕ ಹಾಗೇ ಕೂತಿದ್ದಳು.

ಅಪ್ಪ ಬಂದ. ಬಾಗಿಲು ಹಾಕಿದರು. ನಮ್ಮ ಚಾಳಿನಲ್ಲಿ ಹಗಲು ಬಾಗಿಲು ಹಾಕಿದರೆ ಒಳಗೆ ಹೆಣ ಬಿದ್ದಿದೆ ಎಂದೇ ಅರ್ಥ.

"ಕನ್ನಡದಾಗ ಬರೀರಿ ಅಂದಿದ್ನಿ," ಎಂದಳು ಅವ್ವ.

"ಬಸಪ್ಪ ಓದತಿದ್ದ ನೀಲಾ."

"ಇಂಗ್ಲಿಷ್ನಾಗ ಎಲ್ಲಾರಿಗೂ ತಿಳಿಯೂ ಶಬ್ದ ಇದ್ದಿಲ್ಲೇನು?"

"ಐತಿ, ವಿಡೋ ಅಂತ. ಅದು ಅಂವನ ಕಂಪನಿ ಫಾರ್ಮಿನ್ಯಾಗೂ ಐತಿ. ಅದಕ್ಕ ಹಳೇದು ಹಾಕಿದೆ. ಈ ಬಿಲ್ಡಿಂಗಿನ್ಯಾಗ ಒಬ್ಬರಿಗೂ ತಿಳಿಯೂದಿಲ್ಲ ಅಂತ... ನಿನ್ನ ಸಲುವಾಗೇ ಮಾಡಿದ್ದು."

ಬಿಲ್ಡಿಂಗಿನಲ್ಲಿ ಒಬ್ಬಳಿಗೆ ತಿಳಿಯುತ್ತಿತ್ತು. ಅವಳನ್ನು ಸಂಜೆ ಸಂಜೆ ಕೂರಿಸಿಕೊಂಡು ತಯಾರು ಮಾಡಿದವನು ಅವನೇ.

"ಮಂದಿಯಿಂದ ಮುಚ್ಚಿದ್ದು ನನ್ನ ಸಲುವಾಗಿ, ಒಪ್ಪಿದೆ," ಎಂದಳು ಅವ್ವ. ಅವಳ ದನಿ ಏರಲೇ ಇಲ್ಲ, ಅದೇ ನನಗೆ ಭಯ. "ಈ ಹುಡಿಗಿಗೆ ಪುಸ್ತಕದಾಗಿನ ಎಲ್ಲಾ ಶಬ್ದ ಕಲಿಸಿದ್ರಿ. ಅದೊಂದ ಯಾಕ ಬಿಟ್ರಿ? ಈಕಿ ನನ್ನ ಹೊಟ್ಟಿಲೆ ಹುಟ್ಟಿದಾಕಿ. ಈಕಿಯಿಂದ ಮುಚ್ಚಿದ್ದು ಯಾರ ಸಲುವಾಗಿ? ಸೀರಿ ಉಡಿಸಿದ ದಿನ ನಂಗ ನಾಚಿಕಿ ಇಲ್ಲ ಅಂದಿದ್ರಿ ನೀವು. ನಾ ನಂಬಿದ್ನಿ."

ಎಷ್ಟೊಂದು ಶಬ್ದಗಳ ಮಾಲೀಕ, ಒಂದೂ ಬಾಯಿಗೆ ಬರಲಿಲ್ಲ. ಅವ್ವನಿಗೆ ಹಿಂದೆ ಒಬ್ಬ ಗಂಡ ಇದ್ದ ಎಂಬುದಕ್ಕಿಂತ ಆ ಹೊತ್ತು ನನ್ನನ್ನು ಹೆಚ್ಚು ನಡುಗಿಸಿದ್ದು ಅಪ್ಪನ ಮುಖ. ನನ್ನ ಅಪ್ಪನಿಗೆ ನನ್ನ ಅವ್ವನ ಬಗ್ಗೆ ನಾಚಿಕೆಯಿತ್ತು. ಎಲ್ಲೋ ಒಳಗೆ, ಅವನಿಗೇ ಕಾಣದಷ್ಟು ಸಣ್ಣದಾಗಿ, ಆದರೆ ಇತ್ತು.

ಶುಕ್ರವಾರ ಬಂತು. ಬರಬೇಡ ಎಂದು ಗೌರಾ ಮೌಶಿ ಹೇಳಿ ಕಳಿಸಲಿಲ್ಲ, ಬಾ ಎಂದು ಕರೆಯಲೂ ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವ್ವ ಇಳಕಲ್ಲಿನ ಸೀರೆಯುಟ್ಟು, ನನ್ನ ಕೈ ಹಿಡಿದು ಹೊರಟಳು. ಅಪ್ಪ ಅಂದು ರಜೆ ಹಾಕಿದ್ದ. ಬೇಡ ಎನ್ನುವಂತೆ ಬಾಗಿಲ ತನಕ ಬಂದು ನಿಂತ. ಮೌಶಿಯ ಮನೆಯಲ್ಲಿ ಲತಾ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಹೆಂಗಸರ ಮಾತು ನಿಂತಿತು. ಮೌಶಿ ಚಾಪೆಯ ತುದಿ ತೋರಿಸಿದಳು, ಅವ್ವ ಅಲ್ಲಿ ಕೂತಳು. ಅರಿಶಿನ-ಕುಂಕುಮದ ಬಟ್ಟಲು ಅವಳನ್ನು ದಾಟಿ ಹೋಯಿತು. ಆರತಿತಟ್ಟೆ ಬೇರೊಬ್ಬಳ ಕೈ ಸೇರಿತು. ಆಮೇಲೆ ಎಂದಿನಂತೆ ಒಡಪು ಹೇಳುವ ಸರತಿ. ಉಳಿದ ದಿನ ಗಂಡನ ಹೆಸರು ಬಾಯಲ್ಲಿ ಬರಬಾರದು. ಇಂಥ ದಿನ ಮಾತ್ರ ಹಾಡಿನಂಥ ನಾಲ್ಕು ಸಾಲು ಕಟ್ಟಿ ಮುತ್ತೈದೆಯರು ಆ ಹೆಸರು ಹೇಳಬೇಕು. ಒಬ್ಬೊಬ್ಬರೇ ಹೇಳಿದರು, ನಗು ಬಂತು, ಕೋಣೆ ಸ್ವಲ್ಪ ಸಡಿಲಾಯಿತು. ಸರತಿ ಅವ್ವನನ್ನು ಬಿಟ್ಟು ಆಚೆಯವಳಿಗೆ ಹೋಯಿತು. ಆಚೆಯವಳು ಬಾಯಿ ತೆರೆಯುವ ಮೊದಲೇ ಅವ್ವ, ಕೂತಲ್ಲಿಂದಲೇ, ಹೇಳಿದಳು:

"ಮುಂಜಾನಿ ಬಿಸಲ ಬಂದಿತ್ತ, ಮಧ್ಯಾನ ಆಗೂದ್ರಾಗ ಹೋಗಿತ್ತ,
ರುದ್ರಪ್ಪನ ಹೆಸರ ಹೇಳತೀನಿ, ಅಂವನ ಅನ್ನಾ ಉಂಡೀನಿ.
ಸಂಜೀ ದೀಪಾ ಹತ್ತಿತ್ತ, ಕತ್ತಲಿ ಮನಿ ಬೆಳಗಿತ್ತ,
ಶಿವಪ್ಪನ ಹೆಸರ ಹೇಳತೀನಿ, ಅಂವನ ಕೂಡ ಬಾಳೇನಿ."

ಒಂದು ಒಡಪಿನಲ್ಲಿ ಎರಡು ಹೆಸರು ಯಾರೂ ಕೇಳಿರಲಿಲ್ಲ. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಲತಾ, ಮಣೆಯ ಮೇಲೆ ಕೂತಲ್ಲೇ ತಿರುಗಿ, ತನ್ನ ಸೆರಗಿನ ಉಡಿಯನ್ನು ಎರಡೂ ಕೈಯಿಂದ ಅವ್ವನ ಮುಂದೆ ಒಡ್ಡಿದಳು.

"ಲತಾ!" ಎಂದಳು ಗೌರಾ ಮೌಶಿ.

"ನೀವ ಮೊದಲ ತುಂಬಬೇಕಂತ ಆಗಿತ್ತಲ್ಲ ಮೌಶಿ. ತುಂಬ್ರಿ," ಎಂದಳು ಲತಾ ನಮ್ಮವ್ವನಿಗೆ.

ಅವ್ವ ಎದ್ದು ಹತ್ತಿರ ಹೋದಳು. ತುಂಬುತ್ತಾಳೆ ಎಂದೇ ನಾನು ತಿಳಿದೆ, ತುಂಬಲಿ ಎಂದು ಒಳಗೇ ಬೇಡಿಕೊಂಡೆ. ಅವಳು ಲತಾಳ ಚಾಚಿದ ಸೆರಗನ್ನು ಮಡಚಿ, ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು.

"ಬ್ಯಾಡ ನನ್ನವ್ವ. ಕೂಸು ಛಲೋ ಹುಟ್ಟಿದ್ರ ಯಾರೂ ನನ್ನ ಕೈ ನೆನಸೂದಿಲ್ಲ. ಏನರ ಹೆಚ್ಚುಕಮ್ಮಿ ಆದ್ರ ನಿಮ್ಮವ್ವ ಇರೂತನಾ ನನ್ನ ಕೈ ನೆನಸ್ತಾಳ. ಆಕಿಗೆ ಆ ಸಂಕಟ ಬ್ಯಾಡ."

ಗೌರಾ ಮೌಶಿ ಅಳತೊಡಗಿದಳು. ಅವ್ವ ನಿಲ್ಲಲಿಲ್ಲ. ಲತಾಳಿಗೆ ಗಂಡುಮಗುವಾಯಿತು, ಎರಡೂ ಮನೆಯ ನಡುವೆ ಸಾರು-ಪಲ್ಯದ ಬಟ್ಟಲುಗಳು ಮತ್ತೆ ಓಡಾಡಿದವು. ಆದರೆ ಆ ಚಾಳಿನಲ್ಲಿ ನಾವು ಇದ್ದಷ್ಟು ವರ್ಷವೂ ಅವ್ವನಿಗೆ ಆರತಿಯ ಕರೆ ಬರಲಿಲ್ಲ. ಅವಳ ಆ ಒಂದು ನಡಿಗೆಯನ್ನು ನಾನೇ ಕಿತ್ತುಕೊಂಡೆ. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ, ನಾನೂ ಕ್ಷಮೆ ಕೇಳಲಿಲ್ಲ. ಕೇಳುವುದು ಹೇಗೆಂದು ತಿಳಿಯಲಿಲ್ಲ.

ಆ ಕುಬಸದ ಸಂಜೆ ನಾವು ಹೊರಗೆ ಬಂದಾಗ ಗ್ಯಾಲರಿಯಲ್ಲಿ ಅಪ್ಪ ನಿಂತಿದ್ದ. ಗೋಡೆ ತೆಳು, ಒಡಪು ಅವನಿಗೂ ಕೇಳಿಸಿತ್ತು. ಅವ್ವ ಅವನನ್ನು ದಾಟಿ ಒಳಗೆ ಹೋಗಿ, ಟೈಪ್‌ರೈಟರನ್ನು ಟ್ರಂಕಿನ ಹಿಂದಿನಿಂದ ಎಳೆದು ಮಂಚದ ಮೇಲೆ ಇಟ್ಟಳು.

"ಬ್ಯಾರೆ ಹಾಳಿ ಹಾಕ್ರಿ. ನಾ ಸಹಿ ಮಾಡ್ತೀನಿ. ಸುನಿ, ಎಲ್ಲಾರಿಗೂ ತಿಳಿಯೂವಂಥಾ ಶಬ್ದ ಅಪ್ಪಗ ಹೇಳು."

ಅಪ್ಪ ಹೊಸ ಹಾಳೆ ಹಾಕಿದ. ಅವ್ವನ ಹೆಸರು, ತನ್ನ ಹೆಸರು ಟೈಪು ಮಾಡಿದ, ನಿಲ್ಲಿಸಿದ. ನಾನು ಒಂದೊಂದೇ ಅಕ್ಷರ ಹೇಳಬೇಕಿತ್ತು. "ಡಬ್ಲ್ಯೂ," ಎಂದೆ. ಕಣ್ಣು ಮುಚ್ಚಿಕೊಂಡೂ ಪುಟಗಟ್ಟಲೆ ಟೈಪು ಮಾಡುತ್ತಿದ್ದ ಮನುಷ್ಯ, ಆ ಅಕ್ಷರ ಎಲ್ಲಿದೆಯೆಂದು ಬೆರಳೆತ್ತಿ ಹುಡುಕುತ್ತಿದ್ದ. ಅವ್ವ ಅವನ ಬೆನ್ನ ಹಿಂದೆ ನಿಂತಿದ್ದಳು.

"ಅವಸರ ಇಲ್ಲ," ಎಂದಳು. "ಸಾವಕಾಶ ಹೊಡೀರಿ. ನಾ ಇಲ್ಲೇ ನಿಂತಿರ್ತೀನಿ."